ಎಂಟು ಸಾವಿರದ ಆರುನೂರು ಕೋಟಿ ದೀಪ, ಇಪ್ಪತ್ತೇ ವ್ಯಾಟ್

ಭಾನುವಾರ ಸಂಜೆ ಏಳಾದರೆ ಮೈಸೂರು ಅರಮನೆಗೆ ದೀಪ ಹೊತ್ತುತ್ತದೆ. ಸುಮಾರು ಒಂದು ಲಕ್ಷ ಬಲ್ಬು, ಒಂದೇ ಗಳಿಗೆಯಲ್ಲಿ. ನೂರು ಸಲ ನೋಡಿದವರೂ ಮಾತು ನಿಲ್ಲಿಸಿ ತಲೆ ಎತ್ತುತ್ತಾರೆ.

ಈ ಅರಮನೆಯನ್ನೇ ಅಳತೆಗೋಲು ಮಾಡಿಕೊಂಡು ಒಂದು ಲೆಕ್ಕ ಹಾಕೋಣ. 2011ರ ಜನಗಣತಿಯಂತೆ ಮೈಸೂರು ನಗರದ ಜನಸಂಖ್ಯೆ ಸುಮಾರು 9 ಲಕ್ಷ. ಅವರಲ್ಲಿ 8 ಲಕ್ಷ 60 ಸಾವಿರ ಮಂದಿಗೆ, ತೊಟ್ಟಿಲ ಕೂಸಿನಿಂದ ಹಿಡಿದು ಊರುಗೋಲಿನ ಅಜ್ಜಿಯವರೆಗೆ, ತಲೆಗೊಂದು ಅರಮನೆ ಕಟ್ಟಿಸಿಕೊಟ್ಟೆವು ಎಂದುಕೊಳ್ಳಿ. ಒಂದೊಂದಕ್ಕೂ ಲಕ್ಷ ಬಲ್ಬು. ಒಟ್ಟು ಎಣಿಸಿದರೆ 8,600 ಕೋಟಿ. ಬೆಳೆದ ಒಬ್ಬ ಮನುಷ್ಯನ ತಲೆಯೊಳಗಿನ ನರಕೋಶಗಳ ಸಂಖ್ಯೆ ಅಷ್ಟು.

ಇನ್ನು ಕರೆಂಟಿನ ಲೆಕ್ಕ. ಒಂದು ಬಲ್ಬಿಗೆ ಬರೀ 5 ವ್ಯಾಟ್ ಎಂದು ಹಿಡಿದರೂ ಆ ಎಲ್ಲ ಅರಮನೆಗಳನ್ನು ಬೆಳಗಲು 43,000 ಕೋಟಿ ವ್ಯಾಟ್ ಬೇಕು. 2024ರ ಹೊತ್ತಿಗೆ ಭಾರತದ ಎಲ್ಲ ವಿದ್ಯುತ್ ಸ್ಥಾವರಗಳ ಒಟ್ಟು ಸಾಮರ್ಥ್ಯ ಹೆಚ್ಚು ಕಡಿಮೆ ಅಷ್ಟೇ ಇತ್ತು. ಜಲ, ಕಲ್ಲಿದ್ದಲು, ಪರಮಾಣು, ಗಾಳಿ, ಬಿಸಿಲು ಎಲ್ಲವನ್ನೂ ಸೇರಿಸಿ. ನಮ್ಮ ಮಿದುಳು ತನ್ನ 8,600 ಕೋಟಿ ಕೋಶಗಳನ್ನು ನಡೆಸಲು ಕೇಳುವುದು ಸುಮಾರು 20 ವ್ಯಾಟ್. ದಿನಕ್ಕೆ ಅರ್ಧ ಯೂನಿಟ್, ತಿಂಗಳಿಗೆ 15 ಯೂನಿಟ್ಟಿಗೂ ಕಡಿಮೆ.

ಇಷ್ಟು ಕಡಿಮೆಯಲ್ಲಿ ಹೇಗೆ ನಡೆಯುತ್ತದೆ? ಈ ಪ್ರಶ್ನೆಯ ಉತ್ತರದಲ್ಲಿಯೇ ಮಿದುಳು ಹೇಗೆ ಕೆಡುತ್ತದೆ ಎನ್ನುವುದೂ ಅಡಗಿದೆ.

ಎಣಿಸಿದವರು

ಮಿದುಳಿನಲ್ಲಿ 10,000 ಕೋಟಿ ನರಕೋಶಗಳಿವೆ ಎಂದು ಪಠ್ಯಪುಸ್ತಕಗಳು ದಶಕಗಳ ಕಾಲ ಬರೆದುಕೊಂಡು ಬಂದವು. ಯಾರು ಎಣಿಸಿದರು ಎಂದು ಕೇಳಿದರೆ ಸರಿಯಾದ ಉತ್ತರ ಇರಲಿಲ್ಲ. ಬ್ರೆಜಿಲ್‌ನ ವಿಜ್ಞಾನಿ ಸುಜಾನಾ ಹರ್ಕುಲಾನೋ ಹೌಜೆಲ್ ಮತ್ತು ಅವರ ಸಂಗಡಿಗರು ನಿಜಕ್ಕೂ ಎಣಿಸಲು ಹೊರಟರು. ಮಿದುಳಿನ ಅಂಗಾಂಶವನ್ನು ರಾಸಾಯನಿಕದಲ್ಲಿ ಕರಗಿಸಿ, ಕೋಶಕೇಂದ್ರಗಳು ಮಾತ್ರ ತೇಲುವ ದ್ರಾವಣ ಮಾಡಿ, ಅದನ್ನು ಸಮನಾಗಿ ಕಲಕಿ, ಒಂದೊಂದು ಹನಿಯಲ್ಲಿ ಎಷ್ಟಿವೆ ಎಂದು ಸೂಕ್ಷ್ಮದರ್ಶಕದಡಿ ನೋಡಿದರು. ನಾಲ್ವರು ಪುರುಷರ ಮಿದುಳುಗಳಿಂದ ಬಂದ ಸರಾಸರಿ 8,600 ಕೋಟಿ. 2009ರಲ್ಲಿ ಅದು ಪ್ರಕಟವಾಯಿತು.

ಹಂಚಿಕೆ ಇನ್ನೂ ಅಚ್ಚರಿಯದು. ತಲೆಯ ಹಿಂಭಾಗದ ಕೆಳಗೆ ಮುಷ್ಟಿಯಷ್ಟಿರುವ ಕಿರುಮಿದುಳಿನಲ್ಲಿಯೇ 6,900 ಕೋಟಿ ಇವೆ. ನಾವು ಮಾತು, ನೆನಪು, ಲೆಕ್ಕ, ಸಂಗೀತ ಎಂದು ಕರೆಯುವ ಬಹುಪಾಲು ವ್ಯವಹಾರ ನಡೆಯುವ ಹೊರಪದರಕ್ಕೆ, ಅಂದರೆ ಕಾರ್ಟೆಕ್ಸ್‌ಗೆ, ಸಿಕ್ಕಿರುವುದು ಸುಮಾರು 1,600 ಕೋಟಿ ಮಾತ್ರ.

ಸೆಕೆಂಡಿಗೊಂದರಂತೆ ಒಂದು ಮಿದುಳಿನ ನರಕೋಶಗಳನ್ನು ಎಣಿಸುತ್ತ ಹೋದರೆ ಎಷ್ಟು ಕಾಲ ಬೇಕು? ಹಲ್ಮಿಡಿಯ ಶಾಸನವನ್ನು ಕಲ್ಲಿನಲ್ಲಿ ಕೆತ್ತಿದ ಕಾಲಕ್ಕೆ, ಅಂದರೆ ಕ್ರಿ.ಶ. 450ರ ಸುಮಾರಿಗೆ, ಒಬ್ಬ ಎಣಿಸಲು ಕೂತು, ಅವನ ನಂತರ ಅವನ ಮಗ, ಮೊಮ್ಮಗ ಎಂದು ಹಗಲಿರುಳು ಬಿಡದೆ ಎಣಿಸುತ್ತ ಬಂದಿದ್ದರೂ ಇವತ್ತಿಗೆ ಹತ್ತಿರ ಹತ್ತಿರ 5,000 ಕೋಟಿ ಮುಗಿದಿರುತ್ತಿತ್ತು. ಇನ್ನೂ 1,100 ವರ್ಷಕ್ಕೂ ಮಿಕ್ಕಿ ಕೆಲಸ ಬಾಕಿ. ಕನ್ನಡದ ಬರವಣಿಗೆಯ ಇಡೀ ಚರಿತ್ರೆ ಒಂದು ತಲೆಯ ಎಣಿಕೆಗೆ ಸಾಲದು.

ಇದು ಕೋಶಗಳ ಮಾತು. ಒಂದು ಕೋಶ ಇನ್ನೊಂದಕ್ಕೆ ಸುದ್ದಿ ದಾಟಿಸುವ ಕೂಡುತಾಣಗಳನ್ನು ಸಿನಾಪ್ಸ್ ಎನ್ನುತ್ತಾರೆ. ಒಂದೊಂದು ಕೋಶಕ್ಕೂ ಅವು ಸಾವಿರಾರು. ಒಟ್ಟು ಲೆಕ್ಕ ಕಡಿಮೆ ಎಂದರೂ ಕೋಟಿಯನ್ನು ಕೋಟಿಯಿಂದ ಗುಣಿಸಿದಷ್ಟು. ಅವನ್ನು ಸೆಕೆಂಡಿಗೊಂದರಂತೆ ಎಣಿಸಲು 31 ಲಕ್ಷಕ್ಕೂ ಹೆಚ್ಚು ವರ್ಷ ಬೇಕು. ನಮ್ಮ ಮನುಷ್ಯ ಜಾತಿ ಭೂಮಿಯ ಮೇಲೆ ಇರುವುದೇ ಸುಮಾರು 3 ಲಕ್ಷ ವರ್ಷಗಳಿಂದ.

ಒಂದು ನರಕೋಶದ ಒಳಗಿನ ಸಂಗತಿಯೂ ಅಷ್ಟೇ ದೊಡ್ಡದು. ಅದರ ಹೊರಪೊರೆಯ ಒಳಗೂ ಹೊರಗೂ 0.07 ವೋಲ್ಟ್ ಅಂತರವಿದೆ. ಟಾರ್ಚಿನ ಸೆಲ್ಲಿನ ಇಪ್ಪತ್ತನೇ ಒಂದು ಪಾಲು. ಆದರೆ ಆ ಪೊರೆಯ ದಪ್ಪ ಒಂದು ಮಿಲಿಮೀಟರಿನ ಎರಡು ಲಕ್ಷದಲ್ಲೊಂದು ಪಾಲು. ಅಷ್ಟು ತೆಳುವಾದ ಗೋಡೆಗೆ ಅಷ್ಟು ವೋಲ್ಟ್ ಎಂದರೆ ಮೀಟರಿಗೆ 1 ಕೋಟಿ 40 ಲಕ್ಷ ವೋಲ್ಟಿನ ಒತ್ತಡ. ಒಣಗಾಳಿ ಸೀಳಿ ಕಿಡಿ ಹಾರಲು ಮೀಟರಿಗೆ 30 ಲಕ್ಷ ವೋಲ್ಟ್ ಸಾಕು. ಅದರ ನಾಲ್ಕೂವರೆ ಪಟ್ಟು ಒತ್ತಡವನ್ನು ನಮ್ಮ ಪ್ರತಿಯೊಂದು ನರಕೋಶವೂ ಹುಟ್ಟಿದಂದಿನಿಂದ ಹಿಡಿದುಕೊಂಡಿದೆ. ಪೊರೆಯ ಬಾಗಿಲುಗಳು ತೆರೆದಾಗ ಸೋಡಿಯಂ ಕಣಗಳು ಒಳನುಗ್ಗಿ, ಸೆಕೆಂಡಿನ ಸಾವಿರದಲ್ಲೊಂದು ಭಾಗದ ಕಾಲ ಒಂದು ಮಿಡಿತ ಹುಟ್ಟುತ್ತದೆ. ನಮ್ಮ ಎಲ್ಲ ನೋಟ, ಎಲ್ಲ ಮಾತು, ಎಲ್ಲ ದುಃಖ ಇಂಥ ಮಿಡಿತಗಳಿಂದಲೇ ಆದದ್ದು.

ಎಲ್ಲವೂ ಹೊತ್ತದಿರುವ ವಿದ್ಯೆ

ಒಂದೊಂದು ಮಿಡಿತಕ್ಕೂ ಶಕ್ತಿ ಖರ್ಚಾಗುತ್ತದೆ, ಬಾಗಿಲಿನಿಂದ ಒಳಬಂದ ಸೋಡಿಯಂ ಅನ್ನು ಮತ್ತೆ ಹೊರಗೆ ತಳ್ಳಬೇಕಲ್ಲ. ನರವಿಜ್ಞಾನಿ ಪೀಟರ್ ಲೆನ್ನಿ 2003ರಲ್ಲಿ ಈ ಖರ್ಚಿನ ಲೆಕ್ಕ ಹಾಕಿದರು. ಕಾರ್ಟೆಕ್ಸ್‌ಗೆ ಸಿಗುವ ಶಕ್ತಿಯಲ್ಲಿ ಒಂದು ಹೊತ್ತಿಗೆ ಜೋರಾಗಿ ಕೆಲಸ ಮಾಡಬಲ್ಲ ಕೋಶಗಳು ನೂರಕ್ಕೆ ಒಂದರಷ್ಟು ಎಂದು ಅವರ ಅಂದಾಜು. 1,600 ಕೋಟಿಯಲ್ಲಿ 16 ಕೋಟಿ. ಉಳಿದವು ಸತ್ತಿಲ್ಲ, ಸುಮ್ಮನಿವೆ, ಸರದಿಗೆ ಕಾಯುತ್ತಿವೆ. ಮಿದುಳಿನ ಹತ್ತನೇ ಒಂದು ಭಾಗವನ್ನಷ್ಟೇ ನಾವು ಬಳಸುತ್ತೇವೆ ಎಂಬ ಹಳೆಯ ಮಾತು ಸುಳ್ಳು. ಬಳಸದ ಮೂಲೆಯೇ ಇಲ್ಲ. ಎಲ್ಲವನ್ನೂ ಒಟ್ಟಿಗೆ ಬಳಸುವುದಿಲ್ಲ, ಅಷ್ಟೇ.

ಸುಮ್ಮನಿರುವುದರಲ್ಲಿ ಉಳಿತಾಯಕ್ಕಿಂತ ದೊಡ್ಡ ಲಾಭವಿದೆ. ಅರಮನೆಯ ಬಲ್ಬುಗಳಲ್ಲಿ ನೂರೇ ನೂರನ್ನು ತೆಗೆದುಕೊಳ್ಳಿ. ಅವುಗಳಲ್ಲಿ ಯಾವುದಾದರೂ ಹತ್ತನ್ನು ಹೊತ್ತಿಸಬೇಕು ಎಂದರೆ ಎಷ್ಟು ಬಗೆಯಲ್ಲಿ ಹೊತ್ತಿಸಬಹುದು? 17 ಲಕ್ಷ ಕೋಟಿಗೂ ಹೆಚ್ಚು ಬಗೆಯಲ್ಲಿ. ಒಂದೊಂದು ಬಗೆಯೂ ಒಂದೊಂದು ಬೇರೆ ಚಿತ್ತಾರ, ಬೇರೆ ಅರ್ಥಕ್ಕೆ ಜಾಗ. ನೂರಕ್ಕೆ ನೂರನ್ನೂ ಹೊತ್ತಿಸುವ ಬಗೆ ಎಷ್ಟು? ಒಂದೇ ಒಂದು. ಅರಮನೆಗೆ ಆ ಒಂದು ಸಾಕು, ಅದರ ಕೆಲಸ ಬೆಳಗುವುದು. ಮಿದುಳಿನ ಕೆಲಸ ಹಾಗಲ್ಲ. ಅಮ್ಮನ ಮುಖಕ್ಕೂ ಅತ್ತೆಯ ಮುಖಕ್ಕೂ, ಮಲ್ಲಿಗೆಯ ವಾಸನೆಗೂ ಸಂಪಿಗೆಯದಕ್ಕೂ ಇರುವ ವ್ಯತ್ಯಾಸವನ್ನು ಅದು ಯಾವ ಕೋಶ ಮಿಡಿಯಿತು, ಯಾವುದು ಮಿಡಿಯಲಿಲ್ಲ ಎಂಬುದರಲ್ಲಿ ಹಿಡಿದಿಡುತ್ತದೆ. ಎಲ್ಲವೂ ಒಟ್ಟಿಗೆ ಮಿಡಿದರೆ ಉಳಿಯುವ ಚಿತ್ತಾರ ಒಂದೇ, ಅದರಲ್ಲಿ ಅರ್ಥ ಯಾವುದೂ ಇಲ್ಲ.

ಈ ಸಂಯಮವನ್ನು ಕಾಯಲು ಮಿದುಳು ಕಾವಲು ಇಟ್ಟಿದೆ. ಕಾರ್ಟೆಕ್ಸಿನ ಸುಮಾರು ಐದರಲ್ಲೊಂದು ಕೋಶದ ಕಸುಬೇ ಬೇರೆ ಕೋಶಗಳನ್ನು ತಡೆಯುವುದು. ಅವು ಗಾಬಾ ಎಂಬ ರಾಸಾಯನಿಕವನ್ನು ಸುರಿಸಿ ಪಕ್ಕದವುಗಳಿಗೆ ತಾಳು ಎನ್ನುತ್ತವೆ. ಈ ತಡೆ ಒಂದು ಕಡೆ ಸಡಿಲಿದರೆ ಅಲ್ಲಿನ ಕೋಶಗಳು ಒಂದೇ ತಾಳಕ್ಕೆ ಬೀಳುತ್ತವೆ. ಆ ತಾಳ ಪಕ್ಕಕ್ಕೆ, ಅದರ ಪಕ್ಕಕ್ಕೆ ಹಬ್ಬಿ ಲಕ್ಷಾಂತರ ಕೋಶಗಳು ಒಮ್ಮೆಗೇ ಮಿಡಿಯತೊಡಗುತ್ತವೆ. ಮನುಷ್ಯನಿಗೆ ಎಚ್ಚರ ತಪ್ಪುತ್ತದೆ. ಊರಿನಲ್ಲಿ ಇದಕ್ಕೆ ಮೂರ್ಛೆರೋಗ ಎನ್ನುತ್ತಾರೆ, ಫಿಟ್ಸ್ ಎನ್ನುತ್ತಾರೆ; ವೈದ್ಯಗ್ರಂಥಗಳಲ್ಲಿ ಅಪಸ್ಮಾರ.

ಜರ್ಮನಿಯ ಹನ್ಸ್ ಬರ್ಗರ್ 1924ರಲ್ಲಿ ಮನುಷ್ಯನ ತಲೆಯಿಂದ ಮೊದಲ ಬಾರಿಗೆ ಮಿದುಳಲೆಗಳನ್ನು ದಾಖಲಿಸಿದರು. ಇಇಜಿ ಹುಟ್ಟಿದ್ದು ಹಾಗೆ. ಎಚ್ಚರವಿರುವ ಮಿದುಳಿನ ಇಇಜಿ ಅಂಕುಡೊಂಕು, ಕಿರಿದು, ಒಂದು ವೋಲ್ಟಿನ ಲಕ್ಷದಲ್ಲಿ ಕೆಲವೇ ಪಾಲು. ಫಿಟ್ಸ್ ಬಂದಾಗಿನದು ದೊಡ್ಡ ದೊಡ್ಡ ಅಲೆ, ಅಳೆದಿಟ್ಟಂತೆ ಒಂದೇ ಸಮ. ನೋಡಲು ಎರಡನೆಯದೇ ಅಚ್ಚುಕಟ್ಟು. ಅಂಕುಡೊಂಕಾದ ಮೊದಲನೆಯದರಲ್ಲಿ ಒಬ್ಬ ಮನುಷ್ಯ ಯೋಚಿಸುತ್ತಿದ್ದಾನೆ.

ಹಂಡೆಯ ನೀರು

ಈ ತಡೆ ಎಷ್ಟು ಸಣ್ಣ ಕಾರಣಕ್ಕೆ ಸಡಿಲೀತು ಎಂಬುದಕ್ಕೆ ಜಗತ್ತಿನಲ್ಲೇ ಅಪರೂಪವಾದ ಉದಾಹರಣೆ ನಮ್ಮ ಬಚ್ಚಲುಮನೆಯಲ್ಲಿದೆ.

ಹಳೆ ಮೈಸೂರಿನ ಮನೆಗಳಲ್ಲಿ ತಲೆಗೆ ನೀರೆರೆದುಕೊಳ್ಳುವುದು ವಾರಕ್ಕೊಮ್ಮೆಯ ದೊಡ್ಡ ಕೆಲಸ. ಒಲೆಯ ಮೇಲೆ ಹುದುಗಿಸಿದ ತಾಮ್ರದ ಹಂಡೆ, ತೆಂಗಿನ ಗರಿ, ಚಿಪ್ಪಿನ ಉರಿ, ನೆತ್ತಿಗೆ ಎಣ್ಣೆ, ಸೀಗೆಪುಡಿ. ನೀರು ಮೈ ಸುಡುವಷ್ಟು ಕಾಯದಿದ್ದರೆ ಎಣ್ಣೆ ಬಿಡುವುದಿಲ್ಲ ಎಂದು ಅಜ್ಜಿಯರ ತೀರ್ಪು. ಮಣೆಯ ಮೇಲೆ ಕೂತ ಹುಡುಗನ ನೆತ್ತಿಗೆ ಚೊಂಬಿನ ಮೇಲೆ ಚೊಂಬು ಬಿಡದೆ ಬೀಳುತ್ತದೆ. ನೀರಿನ ಬಿಸಿ 40ರಿಂದ 50 ಡಿಗ್ರಿ ಸೆಲ್ಸಿಯಸ್. ಮಿದುಳಿನ ಸಹಜ ಬಿಸಿ 37ರ ಆಸುಪಾಸು.

ಸಾವಿರಾರು ಹುಡುಗರಿಗೆ ಏನೂ ಆಗುವುದಿಲ್ಲ. ಕೆಲವರಿಗೆ ಆಗುತ್ತದೆ. ಹುಡುಗ ಇದ್ದಕ್ಕಿದ್ದಂತೆ ಕೈ ಆಡಿಸುವುದನ್ನು ನಿಲ್ಲಿಸುತ್ತಾನೆ. ಕಣ್ಣು ಎತ್ತಲೋ ನೆಟ್ಟಿದೆ. ಕರೆದರೆ ಓಗೊಡುವುದಿಲ್ಲ. ಮುಖದಲ್ಲಿ ಕಾರಣವಿಲ್ಲದ ಹೆದರಿಕೆ. ಸಂಬಂಧವಿಲ್ಲದ ಎರಡು ಮಾತು ತೊದಲುತ್ತಾನೆ, ಬೆರಳುಗಳು ತಮ್ಮಷ್ಟಕ್ಕೆ ಏನನ್ನೋ ತಡಕಾಡುತ್ತವೆ. ಕೆಲವರು ಅಲ್ಲೇ ಕುಸಿದು ಕೈಕಾಲು ಸೆಳೆಯುತ್ತಾರೆ. ಅರ್ಧ ನಿಮಿಷದಿಂದ ಮೂರು ನಿಮಿಷ. ಆಮೇಲೆ ಎಚ್ಚರ ಬರುತ್ತದೆ, ಆದದ್ದು ನೆನಪಿರುವುದಿಲ್ಲ. ಮನೆಯವರು ಬಚ್ಚಲಿನಲ್ಲಿ ಗಾಳಿ ಸೋಕಿತು ಎಂದುಕೊಳ್ಳುತ್ತಾರೆ.

ಬಿಸಿನೀರಿನಿಂದ ಬರುವ ಇಂಥ ಮೂರ್ಛೆಯನ್ನು ವೈದ್ಯಲೋಕ ಮೊದಲು ದಾಖಲಿಸಿದ್ದು 1945ರಲ್ಲಿ, ನ್ಯೂಜಿಲೆಂಡಿನಲ್ಲಿ, ಒಬ್ಬ ಹುಡುಗನಲ್ಲಿ. ಅಲ್ಲಿ ಇಲ್ಲಿ ಒಂದೊಂದು ಪ್ರಕರಣ ಕಂಡುಬಂದ ಆ ಕಾಲದಲ್ಲಿ ಬೆಂಗಳೂರಿನ ನರರೋಗ ತಜ್ಞ ಡಾ. ಕೆ. ಎಸ್. ಮಣಿ ಮತ್ತು ಅವರ ಸಂಗಡಿಗರು 1968ರಲ್ಲಿ ಇಲ್ಲಿನ ರೋಗಿಗಳ ಕುರಿತು ಮೊದಲ ವರದಿ ಬರೆದರು. 1974ರಲ್ಲಿ ಅವರು ಮುಂದಿಟ್ಟ ಪ್ರಕರಣಗಳ ಸಂಖ್ಯೆ 108. ಬೆಂಗಳೂರಿನ ನರರೋಗ, ಮನೋರೋಗಗಳ ಆಸ್ಪತ್ರೆ ನಿಮ್ಹಾನ್ಸ್‌ನ ಡಾ. ಪಿ. ಸತೀಶ್‌ಚಂದ್ರ ಮತ್ತು ಸಂಗಡಿಗರು 1988ರಲ್ಲಿ ಬರೆದಾಗ 279. ಬೇರೆ ದೇಶಗಳಲ್ಲಿ ಕೈಬೆರಳಲ್ಲಿ ಎಣಿಸುವಷ್ಟಿದ್ದ ಕಾಯಿಲೆ ಇಲ್ಲಿ ನೂರುಗಳಲ್ಲಿ. ದಕ್ಷಿಣ ಭಾರತದಲ್ಲಿ ಅಪಸ್ಮಾರ ಇರುವವರಲ್ಲಿ ನೂರಕ್ಕೆ ಸುಮಾರು 4ರಿಂದ 7 ಮಂದಿಗೆ ಇರುವುದು ಈ ಬಿಸಿನೀರಿನ ಮೂರ್ಛೆ. ನಮ್ಮ ನಂತರ ಹೆಚ್ಚು ಪ್ರಕರಣ ಕಂಡಿರುವುದು ಟರ್ಕಿಯಲ್ಲಿ. ಹೆಂಗಸರಿಗಿಂತ ಗಂಡಸರಲ್ಲಿ, ಅದರಲ್ಲೂ ಹುಡುಗರಲ್ಲಿ ಹೆಚ್ಚು.

ಕಾರಣ ಬರೀ ನೀರಲ್ಲ, ಹಾಗಿದ್ದರೆ ಎಲ್ಲರಿಗೂ ಬರಬೇಕಿತ್ತು. ಕೆಲವು ಕುಟುಂಬಗಳಲ್ಲಿ ಅಪ್ಪ, ಮಗ, ಚಿಕ್ಕಪ್ಪ ಹೀಗೆ ಹಲವರಿಗೆ ಇರುತ್ತದೆ. ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದವರು ನಿಮ್ಹಾನ್ಸ್ ವೈದ್ಯರ ಜೊತೆಗೂಡಿ ಅಂಥ ಕುಟುಂಬಗಳ ವಂಶವಾಹಿಗಳನ್ನು ಜಾಲಾಡಿ, 10ನೇ ಮತ್ತು 4ನೇ ವರ್ಣತಂತುಗಳಲ್ಲಿ ಇದಕ್ಕೆ ನಂಟಿರುವ ಪ್ರದೇಶಗಳನ್ನು ಗುರುತಿಸಿದ್ದಾರೆ. ಇಂಥವರ ಮಿದುಳು ಬಿಸಿಯನ್ನು ಹತೋಟಿಯಲ್ಲಿಡುವುದರಲ್ಲಿ ಕೊಂಚ ಹಿಂದೆ, ನೆತ್ತಿಗೆ ಬಿಸಿನೀರು ಬಿದ್ದಾಗ ಅದರ ಉಷ್ಣತೆ ಬೇಗ ಏರುತ್ತದೆ ಎಂಬುದು ಸಂಶೋಧಕರ ಊಹೆ.

8,600 ಕೋಟಿ ಕೋಶಗಳ, ಕೋಟಿ ಕೋಟಿ ಕೂಡುತಾಣಗಳ ಯಂತ್ರವನ್ನು ಹಳಿ ತಪ್ಪಿಸಲು ಕೆಲವು ಚೊಂಬು ನೀರು ಸಾಕು. ಅದನ್ನು ಉಳಿಸುವ ದಾರಿಯೂ ಅಷ್ಟೇ ಚಿಕ್ಕದು. ನೀರಿನ ಬಿಸಿ ಇಳಿಸುವುದು, ನೆತ್ತಿಯ ಮೇಲೆ ಒಂದೇ ಸಮನೆ ಸುರಿಯದಿರುವುದು. ಹಲವರಿಗೆ ಇಷ್ಟೇ ಸಾಕಾಗುತ್ತದೆ. ಸಾಲದವರಿಗೆ ಕ್ಲೋಬಾಜಾಮ್ ಎಂಬ ಮಾತ್ರೆಯನ್ನು, ತಲೆಸ್ನಾನ ಮಾಡುವ ದಿನ ಮಾತ್ರ, ಸ್ನಾನಕ್ಕೆ ಒಂದೂವರೆ ಗಂಟೆ ಮುಂಚೆ ಕೊಡುವ ಪದ್ಧತಿಯನ್ನು ನಮ್ಮ ವೈದ್ಯರು ಬಳಕೆಗೆ ತಂದಿದ್ದಾರೆ. ಆ ಮಾತ್ರೆ ಮಾಡುವುದು ಗಾಬಾದ ಕೈ ಬಲಪಡಿಸುವ ಕೆಲಸ.

ಯಳಂದೂರಿನ ಮನೆಮನೆ

ಅಪಸ್ಮಾರದ ಒಟ್ಟು ಲೆಕ್ಕ ಇನ್ನೂ ದೊಡ್ಡದು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಲ್ಲಿ ಜಗತ್ತಿನಾದ್ಯಂತ ಸುಮಾರು 5 ಕೋಟಿ ಜನರಿಗೆ ಇದೆ. ಬೆಂಗಳೂರಿನಲ್ಲಿ ಮತ್ತು ಸುತ್ತಲ ಹಳ್ಳಿಗಳಲ್ಲಿ ಡಾ. ಎಂ. ಗೌರಿದೇವಿ ಮತ್ತು ಸಂಗಡಿಗರು 1,02,557 ಜನರನ್ನು ಮನೆಮನೆಗೆ ಹೋಗಿ ವಿಚಾರಿಸಿದಾಗ ಸಾವಿರಕ್ಕೆ 8.8 ಮಂದಿಯಲ್ಲಿ ಕಂಡುಬಂತು. ಪಟ್ಟಣದಲ್ಲಿ 5.7, ಹಳ್ಳಿಯಲ್ಲಿ 11.9. ಪಟ್ಟಣದ ಈ ದರವನ್ನು ಮೈಸೂರಿಗೆ ಹಚ್ಚಿದರೆ ಈ ಒಂದು ಊರಿನಲ್ಲಿಯೇ ಐದು ಸಾವಿರ ಮಂದಿ ಆಗುತ್ತಾರೆ. ಪ್ರತಿ ಬೀದಿಯಲ್ಲಿ ಒಂದು ಮನೆ ಇರಬಹುದು, ಆದರೆ ಯಾರೂ ಹೇಳಿಕೊಳ್ಳುವುದಿಲ್ಲ. ಮಗಳ ಮದುವೆ ತಪ್ಪೀತು, ಮಗನ ಕೆಲಸ ಹೋದೀತು ಎಂಬ ಭಯ.

1990ರ ದಶಕದಲ್ಲಿ ಡಾ. ಮಣಿ ಮತ್ತು ಸಂಗಡಿಗರು ಆಗ ಮೈಸೂರು ಜಿಲ್ಲೆಗೇ ಸೇರಿದ್ದ ಯಳಂದೂರಿಗೆ ಹೋದರು. ಸುಮಾರು 65,000 ಜನರ ಸಮೀಕ್ಷೆ. ಅಪಸ್ಮಾರ ಸಾವಿರಕ್ಕೆ 4ರಿಂದ 5 ಮಂದಿಯಲ್ಲಿತ್ತು. ಸಮೀಕ್ಷೆ ಮುಗಿಸಿ ವರದಿ ಬರೆದು ಎದ್ದುಬರಲಿಲ್ಲ ಎನ್ನುವುದು ಈ ಕೆಲಸದ ದೊಡ್ಡತನ. ಫಿನೋಬಾರ್ಬಿಟಾಲ್, ಫೆನಿಟಾಯಿನ್ ಎಂಬ ಎರಡು ಹಳೆಯ, ಅಗ್ಗದ ಮಾತ್ರೆಗಳಲ್ಲಿ ಒಂದನ್ನು ಕೊಟ್ಟು ವರ್ಷಗಟ್ಟಲೆ ಹಿಂಬಾಲಿಸಿದರು. ಇಬ್ಬಗೆಯವರಲ್ಲೂ ಅರ್ಧಕ್ಕಿಂತ ಹೆಚ್ಚು ಜನರಿಗೆ ಫಿಟ್ಸ್ ಹತೋಟಿಗೆ ಬಂತು. ಹೆಚ್ಚು ಸಲ ಫಿಟ್ಸ್ ಬರುವ ಮುಂಚೆಯೇ ಮಾತ್ರೆ ಶುರುಮಾಡಿದವರಿಗೆ ಗುಣ ಹೆಚ್ಚು. ಇದು 2001ರಲ್ಲಿ ಲಂಡನ್ನಿನ 'ದಿ ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂತು.

ಫಿನೋಬಾರ್ಬಿಟಾಲ್ ಫಿಟ್ಸ್ ತಡೆಯುತ್ತದೆ ಎಂದು ಜರ್ಮನಿಯ ವೈದ್ಯ ಆಲ್ಫ್ರೆಡ್ ಹೌಪ್ಟ್‌ಮನ್ ತೋರಿಸಿದ್ದು 1912ರಲ್ಲಿ. ಈಗಿನ ಮೈಸೂರು ಅರಮನೆಯ ಕಟ್ಟಡ ಮುಗಿದ ವರ್ಷವೂ ಅದೇ. ಅರಮನೆಯಷ್ಟೇ ಹಳೆಯ ಔಷಧಿ, ಇವತ್ತಿಗೂ ಅತ್ಯಂತ ಅಗ್ಗದ್ದು. ಆದರೂ ಬಡ ದೇಶಗಳಲ್ಲಿ ಅಪಸ್ಮಾರವಿರುವ ನಾಲ್ವರಲ್ಲಿ ಮೂವರಿಗೆ ಸರಿಯಾದ ಚಿಕಿತ್ಸೆ ಸಿಕ್ಕಿಲ್ಲ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಸರಿಯಾಗಿ ಔಷಧಿ ಕೊಟ್ಟರೆ ನೂರಕ್ಕೆ 70 ಮಂದಿ ಫಿಟ್ಸ್ ಇಲ್ಲದೆ ಬದುಕಬಲ್ಲರು ಎನ್ನುವುದೂ ಅದರದೇ ಮಾತು. ಈ ಕಾಯಿಲೆಯ ಕುರಿತ ಎಲ್ಲ ಅಂಕಿಗಳಲ್ಲಿ ನನ್ನನ್ನು ಹೆಚ್ಚು ಕಲಕುವುದು ಈ ಎರಡು.

ನಿಮಿಷಕ್ಕೆ ಎರಡು ಮೈಸೂರು

ಅಪಸ್ಮಾರದಲ್ಲಿ ದೀಪಗಳು ಅತಿಯಾಗಿ ಹೊತ್ತುತ್ತವೆ. ಕರೆಂಟೇ ಹೋಗುವ ಕಾಯಿಲೆ ಇನ್ನೊಂದು: ಪಾರ್ಶ್ವವಾಯು, ಲಕ್ವ, ಸ್ಟ್ರೋಕ್.

ಮಿದುಳು ಮೈತೂಕದ ನೂರಕ್ಕೆ 2 ಪಾಲು, ಆದರೆ ದೇಹದ ಶಕ್ತಿಯಲ್ಲಿ ನೂರಕ್ಕೆ 20 ಪಾಲು ಅದಕ್ಕೆ ಬೇಕು. ನಿಮಿಷಕ್ಕೆ ಮುಕ್ಕಾಲು ಲೀಟರು ರಕ್ತ ಅತ್ತ ಹರಿಯುತ್ತಿರಬೇಕು. ಕೂಡಿಟ್ಟುಕೊಳ್ಳಲು ಅದಕ್ಕೆ ಕಣಜವಿಲ್ಲ. ಇಡೀ ಮಿದುಳಿಗೆ ರಕ್ತ ನಿಂತರೆ ಹತ್ತು ಸೆಕೆಂಡಿನಲ್ಲಿ ಎಚ್ಚರ ತಪ್ಪುತ್ತದೆ.

ಸ್ಟ್ರೋಕಿನಲ್ಲಿ ನಿಲ್ಲುವುದು ಒಂದು ಭಾಗದ ರಕ್ತ. ಅಮೆರಿಕದ ನರರೋಗ ತಜ್ಞ ಜೆಫ್ರಿ ಸೇವರ್ 2006ರಲ್ಲಿ, ದೊಡ್ಡ ರಕ್ತನಾಳವೊಂದು ಕಟ್ಟಿಕೊಂಡಾಗ ಚಿಕಿತ್ಸೆಯಿಲ್ಲದೆ ಕಳೆಯುವ ಒಂದೊಂದು ನಿಮಿಷದ ಬೆಲೆಯನ್ನು ಲೆಕ್ಕಹಾಕಿದರು. ನಿಮಿಷಕ್ಕೆ 19 ಲಕ್ಷ ನರಕೋಶ. ಎರಡು ಮೈಸೂರುಗಳ ಜನಸಂಖ್ಯೆ ಒಂದು ನಿಮಿಷದಲ್ಲಿ ಇಲ್ಲವಾದಂತೆ. ಜೊತೆಗೆ 1,400 ಕೋಟಿ ಕೂಡುತಾಣ, 12 ಕಿಲೋಮೀಟರು ನರತಂತು. ಅರಮನೆಯಿಂದ ಚಾಮುಂಡಿ ಬೆಟ್ಟದ ತುದಿಗೆ ರಸ್ತೆಯಲ್ಲಿ ಹೆಚ್ಚು ಕಡಿಮೆ ಅಷ್ಟೇ ದೂರ. ಒಂದು ಗಂಟೆ ತಡವಾದರೆ ಮಿದುಳಿಗೆ 3.6 ವರ್ಷ ವಯಸ್ಸಾದಷ್ಟು ನಷ್ಟ. ನಾಳೆ ಬೆಳಗ್ಗೆ ನೋಡೋಣ, ಎಣ್ಣೆ ಹಚ್ಚಿ ತಿಕ್ಕೋಣ ಎನ್ನುವ ಮಾತಿನ ಬೆಲೆ ಇದು.

ಕಟ್ಟಿದ ರಕ್ತವನ್ನು ಕರಗಿಸುವ ಚುಚ್ಚುಮದ್ದು ಇದೆ. ಅದನ್ನು ಸಾಮಾನ್ಯವಾಗಿ ಕೊಡುವುದು ಲಕ್ಷಣ ಶುರುವಾದ ನಾಲ್ಕೂವರೆ ಗಂಟೆಯೊಳಗೆ. ಆಯ್ದ ಕೆಲವು ರೋಗಿಗಳಲ್ಲಿ ರಕ್ತನಾಳದೊಳಗೆ ತಂತಿ ತೂರಿಸಿ ಗಡ್ಡೆಯನ್ನು ಎಳೆದು ತೆಗೆಯುವುದು 24 ಗಂಟೆಯವರೆಗೂ ಸಾಧ್ಯ.

ಬರೆದವನೇ ಓದಲಾರ

ಸ್ಟ್ರೋಕ್ ಆಗಿ ಆಸ್ಪತ್ರೆಗೆ ತಡವಾಗಿ ಬಂದ ಹಲವರ ಮಾತು ಹೋಗಿರುತ್ತದೆ. ಬಲಗೈ ಬಳಸುವ ಬಹುತೇಕರ ಮಾತಿನ ನೆಲೆ ಮಿದುಳಿನ ಎಡಭಾಗ. ಅಲ್ಲಿ ಪೆಟ್ಟಾದರೆ ನಾಲಿಗೆ ಸರಿಯಿದ್ದೂ ಮಾತು ಹೊರಡದು, ಕಿವಿ ಸರಿಯಿದ್ದೂ ಅರ್ಥವಾಗದು. ಇದು ಅಫೇಸಿಯಾ. ಇಂಥವರಿಗೆ ಮತ್ತೆ ಮಾತು ಕಲಿಸುವ ವಿದ್ಯೆಗೆ ಮೈಸೂರು ದೇಶದಲ್ಲೇ ಹೆಸರಾದ ಊರು. 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮಾನಸಗಂಗೋತ್ರಿಯಲ್ಲಿದೆ. ಅಫೇಸಿಯಾ ಅಳೆಯುವ ಪಾಶ್ಚಾತ್ಯ ಪರೀಕ್ಷೆಯನ್ನು ಅಲ್ಲಿನವರು ಕನ್ನಡಕ್ಕೆ ಒಗ್ಗಿಸಿದ್ದಾರೆ. ಮನೆಯಲ್ಲಿ ಕನ್ನಡ, ಪಕ್ಕದ ಮನೆಯವರ ಜೊತೆ ಉರ್ದು, ಆಫೀಸಿನಲ್ಲಿ ಇಂಗ್ಲಿಷ್ ಆಡುವ ಮೈಸೂರಿಗನ ಮಾತು ಹೋದಾಗ ಬರೀ ಇಂಗ್ಲಿಷ್ ಪರೀಕ್ಷೆಯಿಂದ ಅವನ ಪೆಟ್ಟು ತಿಳಿಯುವುದಿಲ್ಲ.

ಇನ್ನೂ ವಿಚಿತ್ರವಾದ ಪೆಟ್ಟೊಂದಿದೆ. ಭಾಷೆ ಮತ್ತು ಮಿದುಳಿನ ತಜ್ಞೆ ಪ್ರತಿಭಾ ಕಾರಂತ 1981ರಲ್ಲಿ ಕನ್ನಡ ಮತ್ತು ಇಂಗ್ಲಿಷ್ ಎರಡೂ ಬಲ್ಲ ಒಬ್ಬರಲ್ಲಿ ಅದನ್ನು ವಿವರಿಸಿ ಅಂತರರಾಷ್ಟ್ರೀಯ ಪತ್ರಿಕೆಯಲ್ಲಿ ಬರೆದರು. ಶುದ್ಧ ಅಲೆಕ್ಸಿಯಾ ಎಂದು ಅದರ ಹೆಸರು. ಇದು ತಟ್ಟಿದವರಿಗೆ ಕಣ್ಣು ಕಾಣುತ್ತದೆ, ಮಾತು ಬರುತ್ತದೆ, ಬರೆಯಲೂ ಬರುತ್ತದೆ. ಹೇಳಿದ ಸಾಲನ್ನು ಬರೆದುಕೊಡುತ್ತಾರೆ. ಕಾಗದ ತಿರುಗಿಸಿ ಮತ್ತೆ ಮುಂದಿಟ್ಟರೆ ಅದೇ ಸಾಲು ಅವರಿಗೆ ಗೆರೆಗಳಾಗಿ ಕಾಣುತ್ತದೆ, ಅಕ್ಷರವಾಗಿ ಅಲ್ಲ.

ಮಿದುಳಿನ ಎರಡು ಅರ್ಧಗಳನ್ನು ಸುಮಾರು 20 ಕೋಟಿ ನರತಂತುಗಳ ಒಂದು ಸೇತುವೆ ಕೂಡಿಸುತ್ತದೆ. ಈ ಕಾಯಿಲೆಯಲ್ಲಿ ಎಡಗಡೆಯ ನೋಟದ ಪ್ರದೇಶವೂ ಆ ಸೇತುವೆಯ ಹಿಂಬದಿಯ ತುದಿಯೂ ಕೆಟ್ಟಿರುತ್ತವೆ. ಬಲ ಮಿದುಳು ಅಕ್ಷರವನ್ನು ಕಂಡಿದೆ, ಎಡ ಮಿದುಳಿಗೆ ಅಕ್ಷರದ ಅರ್ಥ ಗೊತ್ತಿದೆ, ನಡುವಿನ ದಾರಿ ಮುಚ್ಚಿದೆ. ಆದರೆ ಬೆರಳ ದಾರಿ ತೆರೆದೇ ಇರುತ್ತದೆ. ಹಲವು ರೋಗಿಗಳು ಅಕ್ಷರದ ಮೇಲೆ ಬೆರಳಾಡಿಸಿ, ಬರೆಯುವಂತೆ ತಿದ್ದಿ, ಅದು 'ಕ' ಎಂದು ಗುರುತಿಸಬಲ್ಲರು. ಮಗುವಾಗಿದ್ದಾಗ ಮರಳಿನ ಮೇಲೆ ತಿದ್ದಿ ಕಲಿತ ಕೈ, ಕಣ್ಣು ಸೋತಲ್ಲಿ ಓದುತ್ತದೆ. ಮಿದುಳು ಕೆಟ್ಟಾಗಲೂ ಪೂರ್ತಿ ಕೆಡುವುದಿಲ್ಲ, ಉಳಿದ ದಾರಿಯನ್ನು ಹುಡುಕಿ ಕೊಡುವುದೇ ಚಿಕಿತ್ಸೆ.

ನೆನಪಿಡಬೇಕಾದ ಅಂಕಿ

ಇಷ್ಟು ದೊಡ್ಡ ಯಂತ್ರ ನಡೆಯುವುದು ಬಹಳ ಸಣ್ಣ ಅಂಚಿನ ಮೇಲೆ. ಕೆಲವು ಡಿಗ್ರಿ ಬಿಸಿ, ಕೆಲವು ನಿಮಿಷ, ಒಂದು ಮಾತ್ರೆ. ಅಂಚು ಸಣ್ಣದಾದ್ದರಿಂದಲೇ ಅದು ಮನೆಯವರ ಕೈಗೆಟುಕುತ್ತದೆ. ಇದನ್ನು ಹೇಳುವುದಕ್ಕಾಗಿಯೇ ಇಷ್ಟು ಲೆಕ್ಕ.

ಫಿಟ್ಸ್ ಬಂದವರ ಕೈಗೆ ಬೀಗದ ಕೀಲಿ ಕೊಡುವುದು, ಮೂಗಿಗೆ ಈರುಳ್ಳಿ ಹಿಡಿಯುವುದು ನಮ್ಮಲ್ಲಿ ಇನ್ನೂ ಇದೆ. ಕೀಲಿ ಕೊಟ್ಟ ಮೇಲೆ ನಿಂತಿತು ಎನ್ನುತ್ತಾರೆ. ಹೆಚ್ಚಿನ ಫಿಟ್ಸ್ ಎರಡು ಮೂರು ನಿಮಿಷದಲ್ಲಿ ತಾನಾಗಿ ನಿಲ್ಲುತ್ತದೆ. ಕೀಲಿ ಹುಡುಕಿ ತರುವಷ್ಟರಲ್ಲಿ ಮಿದುಳಿನ ತಡೆಯ ವ್ಯವಸ್ಥೆ ತನ್ನ ಹಿಡಿತವನ್ನು ವಾಪಸು ಪಡೆದಿರುತ್ತದೆ. ಬಿದ್ದವರನ್ನು ಒಂದು ಮಗ್ಗುಲಿಗೆ ತಿರುಗಿಸಿ. ಒತ್ತಿ ಹಿಡಿಯಬೇಡಿ, ಬಾಯಿಗೆ ಏನನ್ನೂ ಇಡಬೇಡಿ, ನೀರು ಕುಡಿಸಬೇಡಿ. ಬಚ್ಚಲಾದರೆ ನೀರಿನಿಂದ, ಉರಿಯಿಂದ ದೂರ ಸರಿಸಿ. ಗಡಿಯಾರ ನೋಡಿ. 5 ನಿಮಿಷ ದಾಟಿದರೆ ಆಸ್ಪತ್ರೆ.

ಮಾತಾಡುತ್ತಿದ್ದವರ ಬಾಯಿ ಒಂದು ಕಡೆಗೆ ವಾರೆಯಾದರೆ, ಎತ್ತಿದ ಕೈಗಳಲ್ಲಿ ಒಂದು ಕೆಳಗೆ ಜಾರಿದರೆ, ಮಾತು ತೊದಲಿದರೆ ಅದು ಸ್ಟ್ರೋಕ್ ಎಂದೇ ತಿಳಿಯಿರಿ. ಕೊನೆಯ ಸಲ ಸರಿಯಾಗಿ ಇದ್ದದ್ದು ಎಷ್ಟು ಹೊತ್ತಿಗೆ ಎಂದು ಗುರುತಿಟ್ಟುಕೊಳ್ಳಿ, ವೈದ್ಯರು ಮೊದಲು ಕೇಳುವುದು ಅದನ್ನೇ.

8,600 ಕೋಟಿ ಎಂಬ ಸಂಖ್ಯೆಯನ್ನು ಮರೆತರೂ ನಡೆಯುತ್ತದೆ. ಫಿಟ್ಸಿಗೆ 5 ನಿಮಿಷ, ಸ್ಟ್ರೋಕಿಗೆ ನಾಲ್ಕೂವರೆ ಗಂಟೆ, ಆಂಬುಲೆನ್ಸಿಗೆ 108. ಈ ಮೂರನ್ನು ಅಡುಗೆಮನೆಯ ಕ್ಯಾಲೆಂಡರಿನ ಮೇಲೆ ಇವತ್ತೇ ಬರೆದಿಡಿ.